ಛಡಿ ಕೆಳಗಿಟ್ಟ ಮೇಲೆ

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದು ಕಾನೂನಿಗೆ ವಿರುದ್ಧ ಎಂದಾಗಿ ಹದಿನೈದು ವರ್ಷ ದಾಟಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಆಗಬೇಕು ಎಂದಿದೆ. ಅದರ ಹಿಂದಿನ 16ನೇ ಕಲಮು, ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಎನ್ನುತ್ತದೆ. ಭಯ, ಆಘಾತ, ಆತಂಕ ಇಲ್ಲದೆ ಮಗು ಕಲಿಯಬೇಕು ಎಂಬ ಮಾತು 29ನೇ ಕಲಮಿನಲ್ಲಿದೆ. ಅಂದರೆ ತಲೆತಲಾಂತರದಿಂದ ಮಾಸ್ತರರ ಕೈಯಲ್ಲಿದ್ದ ಎರಡು ಸಾಧನಗಳನ್ನು, ಛಡಿಯನ್ನೂ 'ನಾಳಿಂದ ಸಾಲಿಗೆ ಬರಬ್ಯಾಡ' ಎಂಬ ಬೆದರಿಕೆಯನ್ನೂ, ಕಾನೂನು ಒಟ್ಟಿಗೇ ಕಸಿದುಕೊಂಡಿತು. ಕಸಿದುಕೊಂಡದ್ದು ಸರಿಯೇ. ಆದರೆ ಖಾಲಿಯಾದ ಆ ಕೈಗೆ ಏನು ಕೊಟ್ಟಿತು? ಸುತ್ತೋಲೆ ಕೊಟ್ಟಿತು, ಗೋಡೆಗೆ ಬರೆಸಲು ಒಂದು ಘೋಷವಾಕ್ಯ ಕೊಟ್ಟಿತು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಹೊಡೆದಾಡಿಕೊಂಡಾಗ ಸುತ್ತೋಲೆಯಿಂದ ಏನೂ ಆಗದು. ನಡತೆ ಕಲಿಸುವುದನ್ನು ಶಾಲೆ ತನ್ನ ಕಲಿಸುವ ಕೆಲಸದ ಭಾಗವೆಂದು ಒಪ್ಪಿಕೊಳ್ಳಬೇಕು. ಅದಕ್ಕೆ ವೇಳೆ, ವಿಧಾನ, ದಾಖಲೆ ಮತ್ತು ತರಬೇತಿ ಪಡೆದ ಒಬ್ಬ ವ್ಯಕ್ತಿಯನ್ನು ಕೊಡಬೇಕು. ಇದನ್ನು ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೊದಲು ಶುರುಮಾಡಬೇಕು ಎಂಬುದೇ ಇವತ್ತಿನ ನನ್ನ ವಾದ.

ಈ ಮೂರೇ ತಾಲ್ಲೂಕು ಏಕೆ ಎಂದು ಕೇಳಬಹುದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಹೈದರಾಬಾದ್ ಕರ್ನಾಟಕದವು, ಆ ಪಟ್ಟಿಯಲ್ಲಿ ಈ ಮೂರೂ ಇದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75 ದಾಟಿದಾಗ ನಮ್ಮ ಜಿಲ್ಲೆಯದು 65ನ್ನೂ ಮುಟ್ಟಿರಲಿಲ್ಲ, ಹೆಣ್ಣುಮಕ್ಕಳದು 55ರ ಆಸುಪಾಸಿನಲ್ಲಿತ್ತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇಕಡ 91.12 ಪಡೆದು ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ 42.43ಕ್ಕೆ ನಿಂತು ಕೊನೆಯ ಸ್ಥಾನಕ್ಕೆ ಇಳಿಯಿತು. ಇಂಥ ಫಲಿತಾಂಶ ಬಂದ ಕೂಡಲೇ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪರಿಶೀಲನಾ ಸಭೆ ಸೇರುತ್ತದೆ, ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ವಿಶೇಷ ತರಗತಿಗಳು ಶುರುವಾಗುತ್ತವೆ. ಮೇಲಿನಿಂದ ಇಳಿದುಬಂದ ಒತ್ತಡ ಕೊನೆಗೆ ಬೀಳುವುದು ಹಿಂದಿನ ಸಾಲಿನಲ್ಲಿ ಕೂತ ಮಗುವಿನ ಮೇಲೆ. ಅಂಕದ ಬೆನ್ನು ಹತ್ತಿದ ಶಾಲೆಯಲ್ಲಿ ಹೊಡೆತ ಮತ್ತೆ ಒಳಗೆ ಬರುತ್ತದೆ, 'ಅವನ ಒಳ್ಳೇದಕ್ಕೇ' ಎಂಬ ಹೆಸರಿನಲ್ಲಿ.

ನಾನು ಹೇಳುತ್ತಿರುವ ಕ್ರಮವನ್ನು ಶಿಕ್ಷಣಶಾಸ್ತ್ರದವರು ಸಕಾರಾತ್ಮಕ ವರ್ತನಾ ಬೆಂಬಲ ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ವಿಕಲಚೇತನ ಮಕ್ಕಳ ಶಿಕ್ಷಣ ಕಾಯ್ದೆಗೆ 1997ರಲ್ಲಿ ತಿದ್ದುಪಡಿ ಆದಾಗ ಇದಕ್ಕೆ ಕಾನೂನಿನ ಬಲ ಬಂತು. ಆರೆಗಾನ್ ವಿಶ್ವವಿದ್ಯಾಲಯದ ರಾಬರ್ಟ್ ಹಾರ್ನರ್, ಜಾರ್ಜ್ ಸುಗಾಯ್ ಮೊದಲಾದವರು ಅದನ್ನು ಇಡೀ ಶಾಲೆಗೆ ಅನ್ವಯಿಸುವ ಪದ್ಧತಿಯಾಗಿ ಬೆಳೆಸಿದರು. ಅದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ಶಾಲೆಯ ಎಲ್ಲ ಮಕ್ಕಳಿಗೂ ಸೇರಿದ್ದು: ನಮ್ಮ ಶಾಲೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತೋರಿಸಿಕೊಟ್ಟು ರೂಢಿ ಮಾಡಿಸುವುದು. ಅಷ್ಟರಿಂದ ದಾರಿಗೆ ಬಾರದ ಕೆಲವು ಮಕ್ಕಳಿಗೆ ಸಣ್ಣ ಗುಂಪಿನಲ್ಲಿ ಹೆಚ್ಚಿನ ನೆರವು ಎರಡನೆಯ ಹಂತ. ಬೆರಳೆಣಿಕೆಯ ಮಕ್ಕಳಿಗೆ ಮನೆಯವರನ್ನೂ ಬೇಕಾದರೆ ವೈದ್ಯರನ್ನೂ ಸೇರಿಸಿಕೊಂಡು ಒಬ್ಬೊಬ್ಬರಿಗೇ ಯೋಜನೆ ಹಾಕುವುದು ಮೂರನೆಯದು. ಹೆಸರು ಭಾರಿಯಾಗಿ ಕೇಳಿಸಿದರೂ ಮೊದಲ ಹಂತಕ್ಕೆ ಬೇಕಾದದ್ದು ಪ್ರಾರ್ಥನೆಯ ವೇಳೆಯ ಹತ್ತು ನಿಮಿಷ ಮತ್ತು ಎಲ್ಲ ಶಿಕ್ಷಕರ ಒಮ್ಮತ, ಇಷ್ಟೇ. ಇವೆರಡರಲ್ಲಿ ಒಮ್ಮತವೇ ದುಬಾರಿ ಎಂಬುದು ಬೇರೆ ಮಾತು.

ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಜಗಳ ಆಗುವ ಜಾಗಗಳು ಎಲ್ಲ ಶಾಲೆಗಳಲ್ಲೂ ಹೆಚ್ಚುಕಡಿಮೆ ಅವೇ: ಬಿಸಿಯೂಟದ ಸಾಲು, ನೀರಿನ ನಲ್ಲಿ, ಶೌಚಾಲಯದ ಬಾಗಿಲು, ಒಂದು ತಾಸು ಮುಗಿದು ಇನ್ನೊಬ್ಬ ಶಿಕ್ಷಕರು ಬರುವ ನಡುವಿನ ಐದು ನಿಮಿಷ, ಸಂಜೆಯ ಬಸ್ಸಿಗೆ ನುಗ್ಗುವ ಹೊತ್ತು. ಈಗ ನಾವು ಏನು ಮಾಡುತ್ತೇವೆ? 'ಶಿಸ್ತಿನಿಂದ ಇರ್ರಿ' ಎನ್ನುತ್ತೇವೆ. ಶಿಸ್ತು ಎಂದರೆ ಏನು ಎಂಬುದನ್ನು ಮಗು ತಾನೇ ಊಹಿಸಿಕೊಳ್ಳಬೇಕು, ಊಹೆ ತಪ್ಪಿದಾಗ ಬೈಸಿಕೊಳ್ಳಬೇಕು. ಹೊಸ ಕ್ರಮದಲ್ಲಿ ಶಾಲೆ ಮೂರೇ ಮೂರು ನಿಯಮ ಇಟ್ಟುಕೊಳ್ಳುತ್ತದೆ. ಒಬ್ಬರನ್ನೊಬ್ಬರು ಗೌರವಿಸುವುದು, ಒಪ್ಪಿಕೊಂಡ ಕೆಲಸ ಮಾಡುವುದು, ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು ಎಂದಿಟ್ಟುಕೊಳ್ಳೋಣ. ಆಮೇಲೆ ಊಟದ ಸಾಲಿನಲ್ಲಿ ಗೌರವ ಎಂದರೆ ಏನು, ನಲ್ಲಿಯ ಹತ್ತಿರ ಅದೇ ಗೌರವ ಎಂದರೆ ಏನು ಎಂಬುದನ್ನು ಆಯಾ ಜಾಗಕ್ಕೇ ಮಕ್ಕಳನ್ನು ಕರೆದುಕೊಂಡು ಹೋಗಿ ಮಾಡಿ ತೋರಿಸುತ್ತಾರೆ, ಮಕ್ಕಳಿಂದ ಮಾಡಿಸುತ್ತಾರೆ. ಜೂನ್ ತಿಂಗಳಲ್ಲಿ ಒಮ್ಮೆ ಕಲಿಸಿದ್ದನ್ನು ದಸರೆ ರಜೆ ಮುಗಿದ ಮೇಲೆ ಮತ್ತೆ ಕಲಿಸುತ್ತಾರೆ. ಸರಿಯಾಗಿ ಮಾಡಿದ ಮಗುವಿಗೆ ಬರಿ 'ಶಹಬ್ಬಾಸ್' ಎಂದರೆ ಸಾಲದು. 'ನಿನ್ನ ಪಾಳಿ ಬರೋ ತನಕ ನಿಂತಿ, ಸಣ್ಣ ಹುಡುಗನ್ನ ಮುಂದ ಬಿಟ್ಟಿ, ಚಲೋ ಮಾಡ್ದಿ' ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಹೇಳಬೇಕು. ತಪ್ಪಿಗೆ ಪರಿಣಾಮ ಇರುತ್ತದೆ, ಆದರೆ ಅದು ತಪ್ಪಿಗೆ ತಕ್ಕದ್ದಾಗಿರುತ್ತದೆ, ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಯಾವ ಶಿಕ್ಷಕರು ಕೊಟ್ಟರೂ ಒಂದೇ ಆಗಿರುತ್ತದೆ. ನೀರು ಚೆಲ್ಲಿದವನು ಒರೆಸುತ್ತಾನೆ. ಗಣಿತದ ಮಾಸ್ತರು ನಕ್ಕು ಬಿಡುವ ತಪ್ಪಿಗೆ ವಿಜ್ಞಾನದ ಅಕ್ಕೋರು ಬೆಂಚಿನ ಮೇಲೆ ನಿಲ್ಲಿಸುವ ಶಾಲೆಯಲ್ಲಿ ಮಗು ಕಲಿಯುವುದು ನಿಯಮವನ್ನಲ್ಲ, ದೊಡ್ಡವರ ಮನಸ್ಥಿತಿಯನ್ನು.

ಈ ಪದ್ಧತಿಯ ತಿರುಳು ಇನ್ನೊಂದು ಕಡೆ ಇದೆ. ವರ್ತನೆಗೆ ಕಾರಣ ಇರುತ್ತದೆ, ಅದರಿಂದ ಮಗುವಿಗೆ ಏನೋ ಒಂದು ದಕ್ಕುತ್ತಿರುತ್ತದೆ ಎಂದು ಅದು ಹಿಡಿದುಕೊಳ್ಳುತ್ತದೆ. ಒಂದೋ ಮಗುವಿಗೆ ಏನೋ ಬೇಕಾಗಿದೆ, ಇಲ್ಲವೇ ಯಾವುದರಿಂದಲೋ ತಪ್ಪಿಸಿಕೊಳ್ಳಬೇಕಾಗಿದೆ. ಈ ಮೂರು ತಾಲ್ಲೂಕುಗಳ ಸಂಗತಿಯನ್ನು ಇಲ್ಲಿಟ್ಟು ನೋಡಿ. ಮಳೆ ಕೈಕೊಟ್ಟ ವರ್ಷ, ಎಷ್ಟೋ ಸಲ ಕೊಡದ ವರ್ಷವೂ, ದೀಪಾವಳಿಯ ಹೊತ್ತಿಗೆ ಕುಟುಂಬಗಳು ಗುಳೆ ಹೋಗುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ. ಆರನೇ ಇಯತ್ತೆಯ ಹುಡುಗನೂ ಜೊತೆಗೆ ಹೋಗುತ್ತಾನೆ, ಕೆಲವು ತಿಂಗಳ ಮೇಲೆ ಬಂದು ಅದೇ ಬೆಂಚಿನ ಮೇಲೆ ಕೂಡುತ್ತಾನೆ. ಅಷ್ಟರಲ್ಲಿ ದಶಮಾಂಶ ಮುಗಿದಿದೆ, ಬೀಜಗಣಿತ ಶುರುವಾಗಿದೆ. ಮಾಸ್ತರು ಕರಿಹಲಗೆಯ ಮುಂದೆ ಕರೆದರೆ ಎಲ್ಲರೆದುರು ತನ್ನ ಬಂಡವಾಳ ಬಯಲಾಗುತ್ತದೆ ಎಂದು ಅವನಿಗೆ ಗೊತ್ತು. ಆದ್ದರಿಂದ ಕರೆಯುವುದಕ್ಕೆ ಮುಂಚೆಯೇ ಪಕ್ಕದವನನ್ನು ಚಿವುಟುತ್ತಾನೆ, ಪೆನ್ನು ಕಸಿಯುತ್ತಾನೆ, ಏನೋ ಒಂದು ಶಬ್ದ ಮಾಡುತ್ತಾನೆ. 'ಹೊರಗ ಹೋಗಿ ನಿಂದ್ರು' ಎಂಬ ಆಜ್ಞೆ ಬರುತ್ತದೆ. ಅವನಿಗೆ ಬೇಕಾಗಿದ್ದೂ ಅದೇ. ಶಿಕ್ಷೆ ಎಂದುಕೊಂಡು ನಾವು ಕೊಟ್ಟದ್ದು ಅವನ ಪಾಲಿಗೆ ಬಿಡುಗಡೆ, ಹಾಗಾಗಿ ನಾಳೆಯೂ ಚಿವುಟುತ್ತಾನೆ. ಹೊರಗೆ ನಿಂತಷ್ಟು ಹೊತ್ತು ಇನ್ನಷ್ಟು ಹಿಂದೆ ಬೀಳುತ್ತಾನೆ. ಒಂದು ದಿನ ಬರುವುದನ್ನೇ ಬಿಡುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನು ಶಾಲೆ ಬಿಟ್ಟ ಮಗು, ಶಿಕ್ಷಕರ ನೆನಪಿನಲ್ಲಿ ಉಡಾಳ ಹುಡುಗ. ಅಸಲಿಗೆ ಅವನಿಗೆ ಬೇಕಾಗಿದ್ದದ್ದು ಎರಡು ತಿಂಗಳ ಸೇತುಬಂಧ ಪಾಠ, ಮತ್ತು ಮಾನ ಹೋಗದಂತೆ 'ನನಗ ಬರಂಗಿಲ್ಲ ಸರ್' ಎಂದು ಹೇಳುವ ಒಂದು ದಾರಿ.

ಗುಳೆಯೊಂದೇ ಕಾರಣವೂ ಅಲ್ಲ. ಆಳಂದ ತಾಲ್ಲೂಕಿನ ತಾಂಡಾಗಳಿಂದ ಬರುವ ಲಂಬಾಣಿ ಮಗುವಿನ ಮನೆಮಾತು ಬೇರೆ, ಗಡಿಯ ಹಳ್ಳಿಗಳಲ್ಲಿ ಮರಾಠಿ, ಪಟ್ಟಣಗಳಲ್ಲಿ ಉರ್ದು. ಪುಸ್ತಕದ ಕನ್ನಡ ತಿಳಿಯದೆ ಸುಮ್ಮನೆ ಕೂತ ಮಗುವನ್ನು ಮೊಂಡ ಎಂದು ಕರೆಯುವುದು ಸುಲಭ. ಹಿಂದಿನ ಸಾಲಿನಲ್ಲಿ ಗದ್ದಲ ಮಾಡುವ ಹುಡುಗಿಗೆ ಹಲಗೆಯ ಅಕ್ಷರ ಕಾಣದಿರಬಹುದು, ಕಿವಿ ಸೋರಿ ಅರ್ಧಂಬರ್ಧ ಕೇಳಿಸುತ್ತಿರಬಹುದು. ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಬಿಸಿಲಿನ ಝಳದಲ್ಲಿ ದೊಡ್ಡ ಮನುಷ್ಯರ ಕೆಲಸವೂ ಕೆಡುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಹೀಗಿರುವಾಗ ಮಾರ್ಚಿ ತಿಂಗಳ ಮಧ್ಯಾಹ್ನ, ಫ್ಯಾನಿಲ್ಲದ ಕೋಣೆಯಲ್ಲಿ ಕೂತ ಹತ್ತು ವರ್ಷದ ಮಗು ಚಡಪಡಿಸಿದರೆ ಅದನ್ನು ಅಶಿಸ್ತು ಎಂದು ಹೇಗೆ ಕರೆಯುವುದು? ಸುತ್ತಣ ಸ್ಥಿತಿ ನಡತೆಯನ್ನು ರೂಪಿಸುತ್ತದೆ ಎಂಬ ತತ್ವವನ್ನು ನೌಕರರಿಗೆ ಅನ್ವಯಿಸಿ ಮಕ್ಕಳಿಗೆ ನಿರಾಕರಿಸುವುದು ನ್ಯಾಯವಲ್ಲ.

ಇದೆಲ್ಲ ಕೇಳಲಿಕ್ಕೆ ಚಂದ, ಫಲ ಕೊಟ್ಟಿದೆಯೇ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ 37 ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಈ ಕ್ರಮವನ್ನು ತಂದು, ಇನ್ನೊಂದನ್ನು ಹಾಗೆಯೇ ಬಿಟ್ಟು ಹಲವು ವರ್ಷ ಗಮನಿಸಿದರು. ಕ್ಯಾಥರೀನ್ ಬ್ರಾಡ್‌ಶಾ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕ್ರಮ ಜಾರಿಯಾದ ಶಾಲೆಗಳಲ್ಲಿ ಶಿಸ್ತಿನ ದೂರಿನ ಮೇಲೆ ಮುಖ್ಯ ಶಿಕ್ಷಕರ ಕೋಣೆಗೆ ಹೋಗಬೇಕಾಗಿ ಬರುವ ಸಾಧ್ಯತೆ ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಆದರೆ ಅದೇ ಪ್ರಯೋಗದಲ್ಲಿ ಪರೀಕ್ಷೆಯ ಅಂಕಗಳು ಎದ್ದುಕಾಣುವಂತೆ ಏರಲಿಲ್ಲ. ಇದನ್ನು ಮುಚ್ಚಿಡಬಾರದು. ಈ ಕಾರ್ಯಕ್ರಮ ತಂದರೆ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಮೇಲಕ್ಕೆ ಜಿಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಠ ನಡೆಯಲು ಬೇಕಾದ ಶಾಂತಿಯನ್ನೂ ವೇಳೆಯನ್ನೂ ಇದು ಉಳಿಸಿಕೊಡುತ್ತದೆ. ಆ ವೇಳೆಯಲ್ಲಿ ಪಾಠ ಮಾಡುವುದು ಬೇರೆಯೇ ಕೆಲಸ, ಅದನ್ನು ಶಿಕ್ಷಕರೇ ಮಾಡಬೇಕು.

ನಮ್ಮ ರಾಜ್ಯದ ಪುರಾವೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹದಿಹರೆಯದವರಿಗೆ ಜೀವನ ಕೌಶಲ ಕಲಿಸುವ ಪಠ್ಯಕ್ರಮ ರೂಪಿಸಿ, ಕರ್ನಾಟಕದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ಶಿಕ್ಷಕರ ಮೂಲಕವೇ ನಡೆಸಿತು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಅದರ ಮೌಲ್ಯಮಾಪನ ಪ್ರಕಟಿಸಿದರು. ಕಾರ್ಯಕ್ರಮದಲ್ಲಿದ್ದ 605 ವಿದ್ಯಾರ್ಥಿಗಳನ್ನು ಹತ್ತಿರದ ಬೇರೆ ಶಾಲೆಗಳ 423 ವಿದ್ಯಾರ್ಥಿಗಳೊಂದಿಗೆ ಹೋಲಿಸಿದಾಗ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆ ಇವುಗಳಲ್ಲಿ ಮೊದಲ ಗುಂಪಿನವರು ಮುಂದಿದ್ದರು. ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ಸಹಜವೇ, ಮನೆಯನ್ನು ಶಾಲೆ ಬದಲಿಸಲಾರದು. ಆದರೆ ಶಾಲೆಯೊಳಗಿನ ಗಾಳಿಯನ್ನು ಬದಲಿಸಬಲ್ಲದು.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯದು, ಹೆದರಿಕೆ ಇಲ್ಲದೆ ಮಕ್ಕಳು ದಾರಿಗೆ ಬರುವುದಿಲ್ಲ ಎನ್ನುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲಿದೆ. 'ಎಲುಬು ನಮ್ದು, ಚರ್ಮ ನಿಮ್ದು' ಎಂದು ಮಗುವನ್ನು ಮಾಸ್ತರರಿಗೆ ಒಪ್ಪಿಸುವ ಮಾತು ಈ ಭಾಗದಲ್ಲಿ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ಹೊಡೆತಕ್ಕೆ ಅಂಥ ಗುಣ ಇದ್ದಿದ್ದರೆ ನಮ್ಮ ಶಾಲೆಗಳು ಎಂದೋ ಸುಧಾರಿಸಬೇಕಿತ್ತು, ಏಕೆಂದರೆ ಹೊಡೆತದ ಪ್ರಯೋಗ ಧಾರಾಳವಾಗಿ ಆಗಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳ ಶಾಲಾ ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ತಾವು ದೈಹಿಕ ಶಿಕ್ಷೆ ಅನುಭವಿಸಿದ್ದಾಗಿ ಹೇಳಿದರು. ನಮ್ಮ ಪಕ್ಕದ ಅವಿಭಜಿತ ಆಂಧ್ರಪ್ರದೇಶದಲ್ಲಿ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಯಂಗ್ ಲೈವ್ಸ್ ಅಧ್ಯಯನದಲ್ಲಿ, ಎಂಟು ವರ್ಷದ ಮಕ್ಕಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹಿಂದಿನ ಒಂದು ವಾರದಲ್ಲೇ ಶಾಲೆಯಲ್ಲಿ ಏಟು ತಿಂದಿದ್ದರು. ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಅವು ಪಾಲಕರು ಮಕ್ಕಳಿಗೆ ಕೊಡುವ ಸಾಧಾರಣ ಏಟಿನ ಬಗ್ಗೆ ಇದ್ದವು, ಗಾಯವಾಗುವಂಥ ಹೊಡೆತದ ಬಗ್ಗೆ ಅಲ್ಲ. ಅಂಥ ಏಟಿನ ಜೊತೆಗೂ ಹೆಚ್ಚಿನ ಜಗಳಗಂಟತನ, ಹೆಚ್ಚಿನ ಮನೋಕ್ಲೇಶ ಕಂಡುಬಂದವು, ಒಳ್ಳೆಯ ಫಲ ಒಂದೂ ಕಾಣಲಿಲ್ಲ. ಏಟು ಆ ಕ್ಷಣದ ಗದ್ದಲ ನಿಲ್ಲಿಸುತ್ತದೆ, ಅದು ನಿಜ. ಶಿಕ್ಷಕರು ಅದನ್ನು ಬಿಡಲಾರದಿರುವುದು ಈ ತತ್‌ಕ್ಷಣದ ಮೌನಕ್ಕಾಗಿಯೇ. ಆದರೆ ಏನು ಮಾಡಬಾರದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಮಾಸ್ತರು ಕಣ್ಣಳತೆಯಲ್ಲಿ ಇಲ್ಲದಾಗ ಆ ತಿಳಿವಳಿಕೆಯೂ ಕೆಲಸಕ್ಕೆ ಬರುವುದಿಲ್ಲ.

ಎರಡನೆಯ ಆಕ್ಷೇಪದಲ್ಲಿ ಹೆಚ್ಚು ಹುರುಳಿದೆ. ಒಳ್ಳೆಯದಾಗಿ ನಡೆದುಕೊಂಡದ್ದಕ್ಕೆ ಬಹುಮಾನ ಕೊಡುತ್ತ ಹೋದರೆ ಮಕ್ಕಳು ಲಂಚಕ್ಕೆ ಒಗ್ಗುವುದಿಲ್ಲವೇ? ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ 1973ರಲ್ಲಿ ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಯಿಸಿದಾಗ, ಮುಂದೆ ಬಹುಮಾನವಿಲ್ಲದ ದಿನಗಳಲ್ಲಿ ಅವರ ಆಸಕ್ತಿ ಕುಗ್ಗಿತು. ಆದ್ದರಿಂದ ಪೆನ್ನು, ಚಾಕಲೇಟು, ನಕ್ಷತ್ರದ ಚೀಟಿಗಳ ಮೇಲೆ ನಿಂತ ಕಾರ್ಯಕ್ರಮವನ್ನು ನಾನು ಸಮರ್ಥಿಸುವುದಿಲ್ಲ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಈ ಪದ್ಧತಿ ಅಂಗಡಿಯ ಕೂಪನ್ನಿನ ಮಟ್ಟಕ್ಕೆ ಇಳಿದಿರುವುದೂ ಉಂಟು, ಅದನ್ನು ನಾವು ತರಿಸಿಕೊಳ್ಳಬೇಕಾಗಿಲ್ಲ. ಆದರೆ ಮಗುವಿಗೆ ಶಾಲೆಯ ಕಡೆ ಬರಲು ಒಂದು ಕಾರಣ ಕೊಡುವುದನ್ನೇ ಲಂಚ ಎನ್ನುವುದಾದರೆ ಬಿಸಿಯೂಟವೂ ಲಂಚವೇ ಆಗಬೇಕು. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರ ಜೂನ್‌ನಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮನ್ನೂ ಒಳಗೊಂಡ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಕರ್ನಾಟಕ, ಛತ್ತೀಸ್‌ಗಢ, ರಾಜಸ್ಥಾನಗಳ 81 ಹಳ್ಳಿಗಳಲ್ಲಿ ಜೀನ್ ಡ್ರೇಜ್ ಮತ್ತು ಅಪರಾಜಿತಾ ಗೋಯಲ್ ಸಮೀಕ್ಷೆ ಮಾಡಿದಾಗ, ಊಟ ಶುರುವಾದ ಮೇಲೆ ಒಂದನೇ ತರಗತಿಯ ದಾಖಲಾತಿ ಶೇಕಡ 15ರಷ್ಟು ಏರಿದ್ದು ಕಂಡಿತು. ಊಟಕ್ಕೆ ಬಂದ ಮಗು ಓದಲು ಉಳಿಯಿತು, ಯಾರ ಚಾರಿತ್ರ್ಯವೂ ಕೆಡಲಿಲ್ಲ.

ಇದು ಪರದೇಶದ ಸರಕು ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಕೂಡ ಹೆದರಿಕೆಯನ್ನು ತೆಗೆದು ಕಲಿಕೆಯನ್ನು ಇಟ್ಟ ಪ್ರಯೋಗವೇ. ಅದನ್ನು ಕಟ್ಟಿದ್ದು ಸರ್ಕಾರಿ ಶಾಲೆಯ ಶಿಕ್ಷಕರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ನಲಿ-ಕಲಿಯ ನೆಲಹಾಸಿನಿಂದ ಎದ್ದು ನಾಲ್ಕನೇ ತರಗತಿಯ ಬೆಂಚಿಗೆ ಹೋದ ಮಗುವಿಗೆ ಆ ವಾತಾವರಣ ಒಮ್ಮೆಗೇ ಏಕೆ ಮಾಯವಾಗಬೇಕು ಎಂಬುದಷ್ಟೇ ಪ್ರಶ್ನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಶಿಕ್ಷಕರದು. ಹುದ್ದೆಗಳು ಖಾಲಿ ಇವೆ, ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕು, ಹಾಲು, ಮೊಟ್ಟೆ, ಊಟದ ಲೆಕ್ಕ ಬರೆಯಬೇಕು, ಗಣತಿಗೂ ಚುನಾವಣೆಗೂ ಹೋಗಬೇಕು, ಇದರ ಮೇಲೆ ಇದೊಂದು ಬೇರೆಯೇ ಎನ್ನುತ್ತಾರೆ. ಅವರು ಹೇಳುವುದು ಸರಿ, ಅದಕ್ಕೆ ಪುರಾವೆಯೂ ಇದೆ. ಗೋವಾ ಮೂಲದ ಸಂಗಾತ್ ಸಂಸ್ಥೆ ಮತ್ತು ಜೊತೆಗಾರರು ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೆಹರ್ ಎಂಬ ಪ್ರಯೋಗ ನಡೆಸಿದರು. ಅಲ್ಲಿನ ಶಾಲೆಗಳೂ ನಮ್ಮವುಗಳಂತೆಯೇ ಬಡವರ ಮಕ್ಕಳವು. ಒಂದು ಗುಂಪಿನ ಶಾಲೆಗಳಲ್ಲಿ ಕಾರ್ಯಕ್ರಮವನ್ನು ಅಲ್ಲಿನ ಶಿಕ್ಷಕರೊಬ್ಬರಿಗೆ ವಹಿಸಿದರು. ಇನ್ನೊಂದು ಗುಂಪಿನಲ್ಲಿ ಶಾಲೆಗೊಬ್ಬರಂತೆ, ದೊಡ್ಡ ಪದವಿಯೇನೂ ಇಲ್ಲದ ಸ್ಥಳೀಯರನ್ನು ತರಬೇತಿ ಕೊಟ್ಟು ನೇಮಿಸಿದರು. ಮೂರನೆಯ ಗುಂಪಿನಲ್ಲಿ ಇದ್ಯಾವುದೂ ಇರಲಿಲ್ಲ. ಕೆಲಸಗಳು ಸರಳವಾಗಿದ್ದವು: ಪ್ರಾರ್ಥನೆಯ ವೇಳೆಯ ಮಾತುಕತೆ, ಗೋಡೆ ಪತ್ರಿಕೆ, ಮಕ್ಕಳು ಮನಸ್ಸಿನದನ್ನು ಬರೆದು ಹಾಕುವ ಪೆಟ್ಟಿಗೆ, ಹಿಂಸೆ ಮತ್ತು ಕೀಟಲೆಯ ವಿರುದ್ಧ ಶಾಲೆಯದೇ ನಿಯಮ, ಬೇಕಾದ ಮಕ್ಕಳಿಗೆ ಆಪ್ತ ಸಲಹೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಪ್ರತ್ಯೇಕ ವ್ಯಕ್ತಿ ಇದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಕೀಟಲೆ, ಹಿಂಸೆ, ಖಿನ್ನತೆ ಇಳಿದವು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಏನೂ ಬದಲಾಗಲಿಲ್ಲ. ಎರಡನೆಯ ವರ್ಷಕ್ಕೆ ಆ ಅಂತರ ಇನ್ನೂ ಹೆಚ್ಚಿತು.

ಶಿಕ್ಷಕರು ಅಯೋಗ್ಯರು ಎಂಬ ಅರ್ಥ ಇದರಿಂದ ಹೊರಡುವುದಿಲ್ಲ. ತುಂಬಿದ ಹೆಗಲಿಗೆ ಇನ್ನೊಂದು ಹೊರೆ ಹಾಕಿದರೆ ಅದು ಕಾಗದದಲ್ಲಷ್ಟೇ ಇರುತ್ತದೆ ಎಂಬುದು ಇದರ ಅರ್ಥ. ಆದ್ದರಿಂದ ಎರಡು ದಿನ ತರಬೇತಿ ಕೊಟ್ಟು, ಒಂದು ಕೈಪಿಡಿ ಹಂಚಿ, ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿಸುವ ಮಾಮೂಲು ದಾರಿಯಲ್ಲಿ ಇದನ್ನು ತರುವುದಾದರೆ ತರದಿರುವುದೇ ಲೇಸು. ಪ್ರತಿ ಪ್ರೌಢಶಾಲೆಗೆ ಒಬ್ಬರು, ಪ್ರಾಥಮಿಕ ಶಾಲೆಗಳಿಗೆ ಕ್ಲಸ್ಟರಿಗೊಬ್ಬರು ಬೇಕು. ಅದೇ ಹೋಬಳಿಯ ಪದವೀಧರ ಹೆಣ್ಣುಮಕ್ಕಳು ಈ ಕೆಲಸಕ್ಕೆ ಸಿಗುತ್ತಾರೆ. ತಾಂಡಾಗಳ ಕಡೆ ಲಂಬಾಣಿ ಬಲ್ಲವರು, ಪಟ್ಟಣಗಳಲ್ಲಿ ಉರ್ದು ಬಲ್ಲವರು ಸಿಕ್ಕರೆ ಇನ್ನೂ ಚಲೋ. ಹಣ ಎಲ್ಲಿಂದ ಎಂಬ ಪ್ರಶ್ನೆ ಈ ಭಾಗದಲ್ಲಿ ಬೇರೆ ಕಡೆಯಷ್ಟು ಕಠಿಣವಲ್ಲ. ಸಂವಿಧಾನದ 371 ಜೆ ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಕ್ಷರ ಆವಿಷ್ಕಾರ ಎಂಬ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ಹಣ ತೆಗೆದಿಟ್ಟಿದೆ. ಕೋಣೆ, ಕಂಪೌಂಡಿಗೆ ಹೋಗುವ ಹಣದಲ್ಲಿ ಸಣ್ಣ ಪಾಲು ಸಾಕು. ತರಬೇತಿಗೂ ದೂರ ಹೋಗಬೇಕಿಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ನಿಂತಿದೆ. ಶಿಕ್ಷಕರ ತರಬೇತಿಯ ಡಯಟ್ ಕಮಲಾಪುರದಲ್ಲಿದೆ. ಇವೆರಡೂ ಸೇರಿ, ಮೂರು ತಾಲ್ಲೂಕುಗಳ ಕೆಲವು ಕ್ಲಸ್ಟರುಗಳಲ್ಲಿ ಮೊದಲು ತಂದು, ಉಳಿದವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಎರಡನ್ನೂ ಹೋಲಿಸಿದರೆ, ಬಿಹಾರದ ಪುರಾವೆಯನ್ನು ಸಾಲ ತರುವ ಬದಲು ನಮ್ಮದೇ ಪುರಾವೆ ಕೈಗೆ ಬರುತ್ತದೆ.

ದಾಖಲೆಯ ಬಗ್ಗೆ ಒಂದು ಮಾತು, ಇದು ಸೂಕ್ಷ್ಮ ವಿಷಯ. ಯಾವಾಗ, ಎಲ್ಲಿ, ಏನಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಶಿಕ್ಷಕರು ಏನು ಮಾಡಿದರು ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆದಿಡುವ ಪುಸ್ತಕ ಈ ಪದ್ಧತಿಯ ಜೀವಾಳ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿದರೆ ಜಗಳಗಳೆಲ್ಲ ಊಟದ ಸಾಲಿನಲ್ಲೇ ಹುಟ್ಟುತ್ತಿವೆ ಎಂಬುದು ತಿಳಿದೀತು, ಆಗ ಬದಲಿಸಬೇಕಾದದ್ದು ಬಡಿಸುವ ವ್ಯವಸ್ಥೆಯನ್ನು. ಅದೇ ಪುಸ್ತಕ ಇನ್ನೊಂದು ಅಹಿತವಾದ ಸಂಗತಿಯನ್ನೂ ತೋರಿಸೀತು: ಮತ್ತೆ ಮತ್ತೆ ದೂರಿಗೆ ಒಳಗಾಗುವ ಮಕ್ಕಳು ಯಾವ ಓಣಿಯವರು, ಯಾವ ತಾಂಡಾದವರು, ಯಾವ ಜಾತಿಯವರು ಎಂಬುದನ್ನು. ಶಿಕ್ಷೆ ಎಲ್ಲ ಮಕ್ಕಳ ಮೇಲೆ ಸಮನಾಗಿ ಬೀಳುತ್ತದೆ ಎಂಬ ಭ್ರಮೆ ಯಾರಿಗಾದರೂ ಇದ್ದರೆ ಕಳೆಯುವುದು ಒಳ್ಳೆಯದು. ಆದರೆ ಆ ಪುಸ್ತಕದ ಹೆಸರುಗಳು ಫಲಕದ ಮೇಲೆ ಬರಕೂಡದು, ವರ್ಗಾವಣೆ ಪತ್ರದ ಜೊತೆ ಹೋಗಕೂಡದು, ಮಗು ಆ ಶಾಲೆ ಬಿಟ್ಟ ದಿನ ಅದರ ಪುಟವೂ ಮುಗಿಯಬೇಕು. ಇನ್ನೊಂದು ಎಚ್ಚರ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಅದನ್ನು ಶಾಲೆಯೊಳಗೆ ಮಾತುಕತೆಯಲ್ಲಿ ಬಗೆಹರಿಸಿಕೊಳ್ಳುವ ಅಧಿಕಾರ ಯಾವ ಕಾರ್ಯಕ್ರಮಕ್ಕೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡಲೇಬೇಕು.

ಇಲಾಖೆಯ ಹಿರಿಯರಿಗೂ ಒಂದು ಮಾತು ಹೇಳಬೇಕು. ನೋಟಿಸು, ಅಮಾನತು, ಸಭೆಯಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು, ಇವುಗಳಿಂದಲೇ ಶಿಕ್ಷಕರನ್ನು ನಡೆಸುವ ವ್ಯವಸ್ಥೆ ಆ ಶಿಕ್ಷಕರಿಂದ ಮಕ್ಕಳ ಬಗ್ಗೆ ಸಹನೆಯನ್ನು ನಿರೀಕ್ಷಿಸಲಾಗದು. ದಿನವಿಡೀ ಹೆದರಿಕೆಯಲ್ಲಿ ಕೆಲಸ ಮಾಡಿದವರು ತಮಗಿಂತ ಸಣ್ಣವರಿಗೆ ದಾಟಿಸುವುದು ಅದನ್ನೇ. ಒಂದು ಶಾಲೆಯ ಫಲಿತಾಂಶ ಕುಸಿದಾಗ, 'ಏಕೆ ಕುಸಿಯಿತು ಹೇಳಿ' ಎನ್ನುವುದಕ್ಕೆ ಮುಂಚೆ 'ನಿಮಗೆ ಏನು ಬೇಕು ಹೇಳಿ' ಎಂದು ಕೇಳುವ ಕ್ಷೇತ್ರ ಶಿಕ್ಷಣಾಧಿಕಾರಿ ಇರುವ ತಾಲ್ಲೂಕಿನಲ್ಲಿ ಈ ಕಾರ್ಯಕ್ರಮದ ಅರ್ಧ ಕೆಲಸ ಆದ ಹಾಗೆ.

ಕೇಳುಗರಲ್ಲಿ ಎಸ್‌ಡಿಎಂಸಿ ಸದಸ್ಯರು ಇದ್ದೇ ಇರುತ್ತೀರಿ. ಶಾಲಾಭಿವೃದ್ಧಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂಬ ನಿಯಮವೂ ಇದೆ. ಸರ್ಕಾರ ಆದೇಶ ಹೊರಡಿಸುವ ತನಕ ಕಾಯಬೇಕಾಗಿಲ್ಲ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ಜಗಳ ಹೆಚ್ಚಾಗಿ ಎಲ್ಲಿ, ಯಾವ ಹೊತ್ತಿಗೆ ಆಗುತ್ತದೆ? ಗುಳೆಯಿಂದ ಮರಳಿದ ಮಕ್ಕಳಿಗೆ ಬಿಟ್ಟುಹೋದ ಪಾಠವನ್ನು ಯಾರು, ಯಾವಾಗ ಹೇಳಿಕೊಡುತ್ತಾರೆ? ತಪ್ಪು ಮಾಡಿದ ಮಗುವಿಗೆ ಏನು ಮಾಡಬೇಕು ಎಂಬ ಬಗ್ಗೆ ಎಲ್ಲ ಶಿಕ್ಷಕರೂ ಒಪ್ಪಿದ ನಿಯಮ ಇದೆಯೇ? ಉತ್ತರ ಸಿಗದಿದ್ದರೆ ಯಾರನ್ನೂ ಬೈಯಬೇಡಿ. ಮಾಸ್ತರರ ಜೊತೆ ಕೂತು ಮೂರು ನಿಯಮ ಬರೆಯಿರಿ. ಮಗುವನ್ನು 'ಬಡಿದು ಕಲಸ್ರಿ' ಎಂದು ಹೇಳಿ ಬಿಟ್ಟುಬರುವ ರೂಢಿಯನ್ನು ಪಾಲಕರಾದ ನೀವೇ ಮೊದಲು ನಿಲ್ಲಿಸಿ. ಎಲ್ಲಾದರೂ ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಫೋನಿನಿಂದಲಾದರೂ ಕರೆ ಮಾಡಬಹುದು. ಅದಕ್ಕೆ ಹಣ ಬೀಳುವುದಿಲ್ಲ.